ಹಕ್ಕಿಗೊಂದು ಹಿಮ್ಮೇಳ

ಸಾಗರ ಸೀಮೆಯ ನಮ್ಮ ಮನೆಯ ಹಿತ್ತಲಿನಲ್ಲಿ, ಬಾವಿಕಟ್ಟೆಗೂ ಬಚ್ಚಲ ನೀರು ಹರಿದು ಸೇರುವ ಬಾಳೆಯ ಬುಡಗಳಿಗೂ ನಡುವೆ, ಚಳಿ ಹಿಂಜರಿದು ಬಿಸಿಲೇರತೊಡಗಿತೆಂದರೆ ಒಂದು ಮಡಿವಾಳ ಹಕ್ಕಿ ದಿನವೂ ಬೆಳಗಿನ ಹೊತ್ತು ಬಂದು ಕುಳಿತು, ಬಾಲವನ್ನು ನಿಮಿರಿಸಿ, ಅರ್ಧ ಗಳಿಗೆಯ ಕಾಲ ಹಾಡಿ ಹೋಗುವುದು ಬಹುಕಾಲದ ವಾಡಿಕೆ. ದೂರದ ವಸ್ತುವನ್ನು ಹತ್ತಿರಕ್ಕೆ ತಂದು ತೋರುವ ಟೆಲಿ ಲೆನ್ಸೊಂದು ನನ್ನ ಕೈಗೆ ಬಂದ ಮೊದಲ ವರ್ಷ, ಆ ಹಕ್ಕಿಯ ನೂರಾರು ಚಿತ್ರಗಳನ್ನು ತೆಗೆದೆ. ಕರಿಯ ಗರಿಯ ನೀಲಿ ಮಿನುಗು, ರೆಕ್ಕೆಯ ಬಿಳಿಯ ಪಟ್ಟಿ, ಕಣ್ಣಿನೊಳಗೆ ಹೊಳೆವ ಬೆಳಕಿನ ಚುಕ್ಕೆ, ಇವೆಲ್ಲವೂ ಒಂದಿಷ್ಟೂ ಲೋಪವಿಲ್ಲದೆ ಮೂಡಿದ್ದುವು. ಆದರೆ ಚಿತ್ರವನ್ನು ನೋಡಿದವರ ದೃಷ್ಟಿ ಮೊದಲು ಹೋಗಿ ನಿಂತುದು ಹಕ್ಕಿಯ ಮೇಲಲ್ಲ. ಅದರ ತಲೆಯ ಹಿಂದೆ ಅಡ್ಡಡ್ಡವಾಗಿ ಹಾದುಹೋಗಿದ್ದ ಬಟ್ಟೆ ಒಣಗಿಸುವ ತಂತಿಯ ಮೇಲೆ, ಬಾವಿಯ ಬಳಿ ನಿಲ್ಲಿಸಿದ್ದ ನೀಲಿ ಬಣ್ಣದ ಪ್ಲಾಸ್ಟಿಕ್ ಡ್ರಮ್ಮಿನ ಮೇಲೆ. ಹಕ್ಕಿಯನ್ನು ನೋಡುವುದರಲ್ಲಿ ನನ್ನ ಕಣ್ಣು ಎಷ್ಟು ತನ್ಮಯವಾಗಿದ್ದಿತೆಂದರೆ, ಹಕ್ಕಿಯ ಹಿಂದೆ ಇದ್ದುದನ್ನು ಅದು ಕಂಡಿರಲೇ ಇಲ್ಲ. ಕ್ಯಾಮೆರಾಕ್ಕೆ ಅಂತಹ ತನ್ಮಯತೆಯಿಲ್ಲ. ಎದುರಿಗಿರುವ ಎಲ್ಲವನ್ನೂ ಅದು ಸಮಭಾವದಿಂದ ಸ್ವೀಕರಿಸುತ್ತದೆ.

ಯಕ್ಷಗಾನದ ರಂಗಸ್ಥಳವನ್ನು ಬಲ್ಲ ಓದುಗರಿಗೆ ಈ ಮಾತನ್ನು ವಿವರಿಸುವುದು ಸುಲಭ. ಮುಮ್ಮೇಳದಲ್ಲಿ ಕುಣಿಯುವ ವೇಷದ ಕಡೆಗೇ ಪ್ರೇಕ್ಷಕನ ಕಣ್ಣು ನೆಟ್ಟಿರುವುದಾದರೂ, ಹಿಂದೆ ಕುಳಿತ ಭಾಗವತರ ಪದವೂ ಮದ್ದಳೆಯ ನುಡಿಯೂ ಇಲ್ಲದೆ ಆ ಕುಣಿತ ನಿಲ್ಲಲಾರದು. ಚೆಂಡೆಯ ಅಬ್ಬರ ಮಿತಿಮೀರಿತೋ, ಅರ್ಥಗಾರಿಕೆಯ ಮಾತು ಯಾರ ಕಿವಿಗೂ ತಲುಪದು. ನಮ್ಮ ಆಲಂಕಾರಿಕರು ರಸಕ್ಕೆ ಆಶ್ರಯವಾದ ವ್ಯಕ್ತಿಯನ್ನು ಆಲಂಬನ ವಿಭಾವವೆಂದೂ, ಆ ವ್ಯಕ್ತಿಯ ಸುತ್ತಣ ಉದ್ಯಾನ, ಬೆಳದಿಂಗಳು, ತಂಗಾಳಿ ಮೊದಲಾದುವನ್ನು ಉದ್ದೀಪನ ವಿಭಾವವೆಂದೂ ಕರೆದರಷ್ಟೆ. ಹಿತ್ತಲಿನ ಹಕ್ಕಿಯ ಚಿತ್ರದಲ್ಲಿ ಹಕ್ಕಿ ಆಲಂಬನ; ಅದರ ಹಿಂದಣ ಹಸುರು, ಅದು ಕುಳಿತ ಕೊಂಬೆ, ಅದರ ಮೇಲೆ ಬಿದ್ದ ಬೆಳಕು ಇವು ಉದ್ದೀಪನ. ಹಲವು ವರ್ಷಗಳ ಅಭ್ಯಾಸದಿಂದ ನಾನು ಕಂಡುಕೊಂಡುದನ್ನು ಒಂದೇ ಮಾತಿನಲ್ಲಿ ಹೇಳಬೇಕಾದರೆ ಇದು: ಹಿತ್ತಲಿನಲ್ಲಿ ಚಿತ್ರ ತೆಗೆಯುವವನು ಮೊದಲು ಹಿನ್ನೆಲೆಯನ್ನು ಆರಿಸಿಕೊಳ್ಳಬೇಕು, ಬಳಿಕ ಕೊಂಬೆಯನ್ನು, ಕಟ್ಟಕಡೆಗೆ ಹಕ್ಕಿಯನ್ನು. ಕಾಡಿನಲ್ಲಿ ಈ ಕ್ರಮ ಸಾಧ್ಯವಿಲ್ಲ, ಅಲ್ಲಿ ಹಕ್ಕಿ ಎಲ್ಲಿ ತೋರಿತೋ ಅಲ್ಲಿಯೇ ಚಿತ್ರ. ಹಿತ್ತಲಿನಲ್ಲಿಯಾದರೋ ಹಕ್ಕಿ ನಾಳೆಯೂ ಬರುತ್ತದೆ, ನಾಡಿದ್ದೂ ಬರುತ್ತದೆ. ಆದುದರಿಂದ ಸಿದ್ಧತೆಗೆ ಬೇಕಾದಷ್ಟು ಅವಕಾಶವುಂಟು.

ಹಿನ್ನೆಲೆಯನ್ನು ಆರಿಸುವುದೆಂದರೆ ತೋಟವನ್ನೆಲ್ಲ ಬದಲಿಸುವುದೆಂದು ಯಾರೂ ಭಯಪಡಬೇಕಾಗಿಲ್ಲ. 400 ಮಿಲಿಮೀಟರಿನ ಲೆನ್ಸು, ಫುಲ್ ಫ್ರೇಮ್ ಎಂದು ಹೇಳುವ ದೊಡ್ಡ ಸೆನ್ಸರಿನ ಕ್ಯಾಮೆರಾ, ಐದು ಮೀಟರಿನಾಚೆ ಕುಳಿತ ಹಕ್ಕಿ, ಹೀಗೆ ಇಟ್ಟುಕೊಂಡು ಲೆಕ್ಕ ಹಾಕಿದರೆ ಹಕ್ಕಿ ಕುಳಿತಲ್ಲಿ ಚೌಕಟ್ಟಿನ ಅಗಲ ಸುಮಾರು 45 ಸೆಂಟಿಮೀಟರ್, ಎಂದರೆ ನಮ್ಮ ಹಿರಿಯರು ಹೂಮಾಲೆ ಅಳೆಯುತ್ತಿದ್ದ ಒಂದು ಮೊಳ. ಅದರ ಹಿಂದೆ ಇನ್ನೈದು ಮೀಟರು ಆಚೆಗಿರುವ ಹಿನ್ನೆಲೆಯಲ್ಲಿ ಕ್ಯಾಮೆರಾಕ್ಕೆ ಕಾಣುವುದು ಎರಡು ಮೊಳ. ಹತ್ತು ಮೀಟರು ಆಚೆಗಾದರೆ ಮೂರು ಮೊಳ. ಸೆನ್ಸರು ಚಿಕ್ಕದಾದ ಕ್ಯಾಮೆರಾಗಳಲ್ಲಿ ಇದು ಇನ್ನೂ ಕಡಿಮೆ. ಇಡೀ ಹಿತ್ತಲು ಅಸ್ತವ್ಯಸ್ತವಾಗಿದ್ದರೂ ಚಿಂತೆಯಿಲ್ಲ, ಎರಡು ಮೂರು ಮೊಳದಷ್ಟು ಹಸುರು ಶುದ್ಧವಾಗಿ ದೊರೆತರೆ ಸಾಕು. ಅದಕ್ಕಾಗಿ ಕ್ಯಾಮೆರಾವನ್ನು ಮನೆಯೊಳಗೇ ಬಿಟ್ಟು, ಒಂದು ರಟ್ಟಿನಲ್ಲಿ ಚಿಕ್ಕ ಚೌಕವನ್ನು ಕತ್ತರಿಸಿಕೊಂಡು, ಒಂದು ಕಣ್ಣು ಮುಚ್ಚಿ ಅದರ ಮೂಲಕ ಹಿತ್ತಲಿನ ಮೂಲೆಮೂಲೆಯನ್ನೂ ನೋಡುತ್ತ ಒಂದು ಮುಂಜಾವು ಸುಮ್ಮನೆ ಅಡ್ಡಾಡಬೇಕು. ನಮ್ಮ ಹಿತ್ತಲಿನಲ್ಲಿ ಹೀಗೆ ಹುಡುಕಿದಾಗ ಯೋಗ್ಯವೆಂದು ತೋರಿದುವು ಮೂರೇ ಮೂರು ದಿಕ್ಕುಗಳು: ಅಡಿಕೆ ತೋಟದಾಚೆ ಏರುವ ಸೊಪ್ಪಿನ ಬೆಟ್ಟದ ಇಳಿಜಾರು, ಹಲಸಿನ ಮರದ ಕೆಳಗಣ ದಟ್ಟ ನೆರಳು, ಮತ್ತು ಮಳೆಗಾಲದಲ್ಲಿ ಹಾವಸೆ ಕಟ್ಟಿ ಹಸುರಾಗುವ ಮಣ್ಣಿನ ಧರೆ.

ಹಕ್ಕಿಗೂ ಹಿನ್ನೆಲೆಗೂ ನಡುವಣ ಅಂತರವೇ ಎಲ್ಲಕ್ಕಿಂತ ಮುಖ್ಯವಾದುದು. ಮೇಲೆ ಹೇಳಿದ ಅಳತೆಯಲ್ಲಿಯೇ, ಅಪರ್ಚರನ್ನು, ಎಂದರೆ ಲೆನ್ಸಿನೊಳಗೆ ಬೆಳಕು ಬರುವ ಕಂಡಿಯನ್ನು, ಎಫ್ 5.6ಕ್ಕೆ ಇಟ್ಟರೆ, ಸ್ಪಷ್ಟವಾಗಿ ಮೂಡುವ ಆಳ ಐದು ಸೆಂಟಿಮೀಟರಿಗಿಂತ ಹೆಚ್ಚಿರದು. ಹಕ್ಕಿ ಪಕ್ಕಕ್ಕೆ ತಿರುಗಿ ಕುಳಿತಾಗ ಕೊಕ್ಕಿನಿಂದ ಬಾಲದವರೆಗೆ ಎಲ್ಲವೂ ಈ ಎರಡು ಅಂಗುಲದೊಳಗೆ ಸೇರುತ್ತದೆ. ನಮ್ಮತ್ತ ಮುಖಮಾಡಿ ಕುಳಿತರೆ ಕಣ್ಣು ಸ್ಪಷ್ಟವಾಗಿ, ಬಾಲ ಮಸುಕಾಗಿ ಬೀಳುತ್ತದೆ. ಕಂಡಿಯನ್ನು ಎಫ್ 11ಕ್ಕೆ ಕಿರಿದಾಗಿಸಿದರೆ ಆಳ ಇಮ್ಮಡಿಯಾಗುವುದು ನಿಜ, ಆದರೆ ಹಿನ್ನೆಲೆಯ ಎಲೆಗಳೂ ಅದರೊಡನೆ ಗೆರೆಗಟ್ಟಿ ಮೇಲೇಳುತ್ತವೆ. ಇನ್ನು ಹಿಂದಣ ವಸ್ತು ಎಷ್ಟು ಕರಗುವುದೆಂಬುದನ್ನು ನೋಡೋಣ. 36 ಮಿಲಿಮೀಟರು ಅಗಲದ ಸೆನ್ಸರಿನ ಮೇಲೆ, ಹಕ್ಕಿಯ ಹಿಂದೆ ಒಂದೇ ಮೀಟರು ದೂರದಲ್ಲಿರುವ ಎಲೆಯ ಒಂದು ಬಿಂದು ಸುಮಾರು ಒಂದು ಮಿಲಿಮೀಟರಿನ ವೃತ್ತವಾಗಿ ಹರಡುತ್ತದೆ. ಐದು ಮೀಟರು ಹಿಂದಿದ್ದರೆ ಮೂರು ಮಿಲಿಮೀಟರು. ಹತ್ತು ಮೀಟರಿಗೆ ನಾಲ್ಕು. ಕ್ಷಿತಿಜದಷ್ಟು ದೂರಕ್ಕೆ ಹೋದರೂ ಆರರ ಸುಮಾರು, ಅಷ್ಟೆ. ಇದರಿಂದ ತಿಳಿದುಬರುವುದೇನೆಂದರೆ, ಮೊದಲ ನಾಲ್ಕೈದು ಮೀಟರುಗಳಲ್ಲಿಯೇ ಸುಮಾರು ಅರ್ಧದಷ್ಟು ಲಾಭ ಕೈಸೇರಿಬಿಡುತ್ತದೆ. ಹಕ್ಕಿ ಕೂರಲೆಂದು ಬೇಲಿಗೆ ಒತ್ತಿಕೊಂಡಂತೆ ಕೊಂಬೆಯನ್ನು ನೆಟ್ಟವನು ಅದನ್ನು ಕಿತ್ತು ಮೂರು ಮಾರು ಈಚೆಗೆ ನೆಟ್ಟರೆ ಸಾಕು, ಬೇಲಿಯ ಕಡ್ಡಿಗಳೆಲ್ಲ ಕರಗಿ ಬಣ್ಣದ ತೆಳುವಾದ ಲೇಪವಾಗಿ ಪರಿಣಮಿಸುತ್ತವೆ. ಇದಕ್ಕಾಗಿ ಬೆಲೆಬಾಳುವ ಲೆನ್ಸನ್ನು ಕೊಳ್ಳಬೇಕಾದ ಅಗತ್ಯವಿಲ್ಲ. ಅತ್ಯಂತ ಕಿರಿಕಿರಿಯನ್ನುಂಟುಮಾಡುವುವು ಒಂದು ಮೀಟರಿನೊಳಗೆ ಇರುವ ಎಲೆಗಳು. ಅವು ಎಲೆಯಾಗಿಯೂ ಕಾಣವು, ಬಣ್ಣವಾಗಿಯೂ ಕರಗವು. ಅರೆಬೆಂದ ಅನ್ನದಂತೆ ಗಂಟುಗಂಟಾಗಿ ನಿಲ್ಲುತ್ತವೆ.

ಹಕ್ಕಿ ಕುಳಿತ ಮೇಲೆ ಹಿನ್ನೆಲೆ ಸರಿಯಿಲ್ಲವೆಂದು ಕಂಡುಬಂದರೂ ನಿರಾಶೆಗೆ ಕಾರಣವಿಲ್ಲ. ಹಕ್ಕಿ ಐದು ಮೀಟರಿನಲ್ಲೂ ಹಿನ್ನೆಲೆ ಹದಿನೈದು ಮೀಟರಿನಲ್ಲೂ ಇದ್ದಾಗ, ನಾವು ಒಂದು ಅಡಿ ಬಲಕ್ಕೆ ಸರಿದರೆ ಹಕ್ಕಿಯ ಹಿಂದೆ ಕಾಣುವ ಜಾಗ ಎರಡು ಅಡಿ ಎಡಕ್ಕೆ ಸರಿಯುತ್ತದೆ. ಎರಡಡಿ ಸರಿದೆವೆಂದರೆ ಮೂರು ಮೊಳದ ಆ ಹಿನ್ನೆಲೆ ಬಹುಮಟ್ಟಿಗೆ ಹೊಸದಾಗಿಯೇ ಬಂದು ಕೂರುತ್ತದೆ. ನನ್ನ ನೀಲಿ ಡ್ರಮ್ಮನ್ನು ಚಿತ್ರದಿಂದ ಹೊರಹಾಕಲು ಬೇಕಾಗಿದ್ದುದು ಒಂದೂವರೆ ಅಡಿಯ ಸರಿದಾಟ ಮಾತ್ರ. ನಾನಾದರೋ ಒಂದು ಋತು ಪೂರ್ತಿ ಮೆಟ್ಟಿಲಿನ ಅದೇ ಕಲ್ಲಿನ ಮೇಲೆ ಕುಳಿತೇ ಚಿತ್ರ ತೆಗೆದಿದ್ದೆ.

ಎತ್ತರದ ವಿಚಾರವೂ ಇದೇ ಬಗೆಯದು. ಆದರೆ ನೆಲದ ಮೇಲೆ ನಡೆದಾಡುವ ಹಕ್ಕಿಗಳಲ್ಲಿ ಇದರ ಮಹತ್ತ್ವ ಹತ್ತುಮಡಿಯಾಗುತ್ತದೆ. ಚಳಿಗಾಲದ ಅತಿಥಿಯಾಗಿ ನಮ್ಮ ತೋಟಗಳಿಗೆ ಇಳಿಯುವ ನವರಂಗ, ಮರದಡಿಯ ತರಗೆಲೆಗಳನ್ನು ಕೊಕ್ಕಿನಿಂದ ಮಗುಚುತ್ತ ಹುಳುಗಳನ್ನು ಹುಡುಕುವಾಗ, ಅದರ ತಲೆ ನೆಲದಿಂದ ಹತ್ತು ಸೆಂಟಿಮೀಟರು ಎತ್ತರದಲ್ಲಿದೆಯೆಂದು ಭಾವಿಸೋಣ. ನಾವು ಐದು ಮೀಟರು ದೂರದಲ್ಲಿ ನಿಂತು, ಒಂದೂವರೆ ಮೀಟರು ಎತ್ತರದಿಂದ ನೋಡಿದರೆ, ನಮ್ಮ ದೃಷ್ಟಿರೇಖೆ ಹಕ್ಕಿಯ ತಲೆಯನ್ನು ದಾಟಿ ಒಂದೂವರೆ ಗೇಣಿನಷ್ಟು ಹಿಂದೆಯೇ ನೆಲಕ್ಕೆ ಬಡಿಯುತ್ತದೆ. ಒಂದೊಂದು ಕಸಕಡ್ಡಿಯೂ ಚಿತ್ರದಲ್ಲಿ ಎದ್ದು ತೋರುತ್ತದೆ. ಅದೇ ಲೆನ್ಸನ್ನು ನೆಲದಿಂದ ಇಪ್ಪತ್ತು ಸೆಂಟಿಮೀಟರಿಗೆ ಇಳಿಸಿದರೆ ಆ ರೇಖೆ ಐದು ಮೀಟರು ಹಿಂದಕ್ಕೆ ಹೋಗಿ ನೆಲವನ್ನು ಮುಟ್ಟುತ್ತದೆ. ತರಗೆಲೆಗಳ ಒಂದು ಸಣ್ಣ ಪಟ್ಟಿ ಮಾತ್ರ ಸ್ಪಷ್ಟವಾಗಿ ಉಳಿದು, ಉಳಿದುದೆಲ್ಲ ಕಂದುಬಣ್ಣದ ಮಂಜಾಗುತ್ತದೆ. ಗೋಣಿಚೀಲವನ್ನು ಹಾಸಿ, ಅಕ್ಕಿಯೋ ಮರಳೋ ತುಂಬಿದ ಚೀಲದ ಮೇಲೆ ಲೆನ್ಸನ್ನು ಊರಿ, ಬೋರಲು ಮಲಗುವುದಕ್ಕೆ ಹಿಂಜರಿಯುವವನು ನವರಂಗದ ಒಳ್ಳೆಯ ಚಿತ್ರವನ್ನು ತೆಗೆಯಲಾರನೆಂದೇ ನನ್ನ ಅಭಿಪ್ರಾಯ. ಮರದ ತುದಿಯಲ್ಲಿ ಕುಳಿತ ಹಕ್ಕಿಗೆ ಇದಕ್ಕೆ ವಿಪರೀತವಾದ ತೊಂದರೆ: ಕೆಳಗಿನಿಂದ ನೋಡಿದರೆ ಹಿಂದೆಲ್ಲ ಬರಿಯ ಬೆಳ್ಳನೆಯ ಬಾನು. ಉಪ್ಪರಿಗೆಯ ಕಿಟಕಿಯೋ ತಾರಸಿಯೋ ಇದ್ದವರು ಅಲ್ಲಿಗೆ ಏರಿ, ಕಂಚುಗಾರ ಹಕ್ಕಿಯನ್ನು ಅದರ ಕಣ್ಣಿನ ಮಟ್ಟದಿಂದಲೇ ನೋಡುವುದು ಲೇಸು.

ಬೆಳಕಿನ ವಿಚಾರದಲ್ಲಿ ಎಚ್ಚರ ವಹಿಸಬೇಕಾದ ಸಂಗತಿ ಒಂದೇ. ಹಕ್ಕಿಯ ಮೇಲೆ ಎಳೆಬಿಸಿಲು ಬಿದ್ದು, ಹಿನ್ನೆಲೆ ನೆರಳಿನಲ್ಲಿದ್ದರೆ ಚಿತ್ರಕ್ಕೆ ಗಾಂಭೀರ್ಯ ಬರುತ್ತದೆ. ಆದರೆ ಆ ಕತ್ತಲನ್ನು ನೋಡಿ ಮೋಸಹೋಗುವ ಕ್ಯಾಮೆರಾ ಬೆಳಕನ್ನು ಹೆಚ್ಚಾಗಿ ಒಳಬಿಡುವುದರಿಂದ ಮಡಿವಾಳದ ಬಿಳಿ ಹೊಟ್ಟೆ ಸುಣ್ಣದ ಗೋಡೆಯಂತಾಗುತ್ತದೆ, ಅದರ ಗರಿಯ ಎಳೆಗಳು ಮತ್ತೆ ಬಾರವು. ಅಂತಹಲ್ಲಿ ಎಕ್ಸ್‌ಪೋಷರನ್ನು ಒಂದರಿಂದ ಒಂದೂವರೆ ಸ್ಟಾಪು ಇಳಿಸಬೇಕು. ಬಾನು ಹಿನ್ನೆಲೆಯಾದಾಗ ಅಷ್ಟೇ ಏರಿಸಬೇಕು. ಮಧ್ಯಾಹ್ನದಲ್ಲಿ ಮರದೆಲೆಗಳ ಸಂದಿನಿಂದ ಸೋರುವ ಬಿಸಿಲಿನ ಬೊಟ್ಟುಗಳು ಹಿನ್ನೆಲೆಯಲ್ಲಿ ದೊಡ್ಡ ದೊಡ್ಡ ಬಿಳಿಯ ನಾಣ್ಯಗಳಾಗಿ ಹರಡಿ ಹಕ್ಕಿಯನ್ನು ಮರೆಸುತ್ತವೆ. ಮಲೆನಾಡಿನ ಮೋಡದ ಬೆಳಕನ್ನು ಮಂಕೆಂದು ಹಳಿಯುವವರುಂಟು. ಹಿನ್ನೆಲೆಯ ದೃಷ್ಟಿಯಿಂದ ಅದಕ್ಕಿಂತ ಸೌಮ್ಯವಾದ ಬೆಳಕು ಇನ್ನೊಂದಿಲ್ಲ. ಬಾಳೆಯೆಲೆಯ ಹಸುರು ಬಿಸಿಲಿನಲ್ಲಿ ಕನ್ನಡಿಯಂತೆ ಹೊಳೆದು ಕಣ್ಣು ಕುಕ್ಕುವುದು, ಮೋಡ ಕವಿದಾಗ ಅದೇ ಎಲೆ ರೇಷ್ಮೆಯ ಸೆರಗಿನಂತೆ ಶಾಂತವಾಗುವುದು.

ಇಷ್ಟನ್ನು ಕಲಿತವನಿಗೆ ಒಂದು ಅಪಾಯವಿದೆ. ಹಿನ್ನೆಲೆಯನ್ನು ಕರಗಿಸುವ ಕೌಶಲ ಒಮ್ಮೆ ಕೈವಶವಾಯಿತೆಂದರೆ ಎಲ್ಲ ಚಿತ್ರಗಳಲ್ಲಿಯೂ ಅದೇ ಅದೇ ನುಣುಪಾದ ಹಸುರನ್ನು ಬಳಿಯುವ ಚಾಪಲ್ಯ ಹುಟ್ಟುತ್ತದೆ. ಅಂತಹ ನೂರು ಚಿತ್ರಗಳನ್ನು ಸಾಲಾಗಿ ಇಟ್ಟರೆ, ಪಿಕಳಾರವೂ ಸೂರಕ್ಕಿಯೂ ಹರಟೆಮಲ್ಲವೂ ಒಂದೇ ಹಸುರು ಗೋಡೆಯ ಮುಂದೆ ಸರದಿಯಲ್ಲಿ ನಿಂತು ಪಟ ತೆಗೆಸಿಕೊಂಡಂತೆ ತೋರುತ್ತವೆ. ಅವು ಎಲ್ಲಿಯವು, ಏನನ್ನು ತಿಂದು ಬದುಕುವುವು, ಯಾವ ಋತುವಿನಲ್ಲಿ ಕಂಡವು ಎಂಬ ಒಂದು ಸುಳಿವೂ ಉಳಿಯುವುದಿಲ್ಲ. 1827ರಿಂದ 1838ರವರೆಗೆ ಕಂತುಕಂತಾಗಿ ಹೊರಬಂದ ‘ದಿ ಬರ್ಡ್ಸ್ ಆಫ್ ಅಮೆರಿಕ’ ಗ್ರಂಥದ 435 ಫಲಕಗಳಲ್ಲಿ ಜಾನ್ ಜೇಮ್ಸ್ ಆಡುಬಾನನು ಹಕ್ಕಿಗಳನ್ನು ಅನೇಕ ವೇಳೆ ಅವುಗಳ ಗಿಡ, ಹೂ, ಹಣ್ಣುಗಳೊಡನೆಯೇ ಚಿತ್ರಿಸಿದನು. ಆ ಗಿಡಗಳಲ್ಲಿ ಹಲವನ್ನು ಬರೆದವನು ಜೋಸೆಫ್ ಮೇಸನ್ ಎಂಬ ಎಳೆಯ ಶಿಷ್ಯ. ಹಿನ್ನೆಲೆಗೆಂದೇ ಬೇರೊಂದು ಕೈಯನ್ನು ನಿಯೋಜಿಸುವಷ್ಟು ಅದರ ಬೆಲೆಯನ್ನು ಆ ಚಿತ್ರಕಾರನು ಅರಿತಿದ್ದನೆಂಬುದು ಗಮನಾರ್ಹ. ಆದರೆ ಅವನ ಮಾದರಿಗಳು ಗುಂಡಿಟ್ಟು ಕೊಂದು ತಂತಿಯಿಂದ ಬಿಗಿದು ನಿಲ್ಲಿಸಿದ ಹಕ್ಕಿಗಳು. ಜೀವಂತ ಹಕ್ಕಿಯನ್ನು ಅದರ ಮನೆಯಲ್ಲಿಯೇ ಕಂಡು ಚಿತ್ರಿಸುವ ಭಾಗ್ಯ ನಮ್ಮದಾಗಿರುವಾಗ, ಆ ಮನೆಯನ್ನು ಪೂರ್ತಿಯಾಗಿ ಅಳಿಸಿಬಿಡುವುದು ತರವಲ್ಲ.

ಆದುದರಿಂದ ಕೊಂಬೆಯ ಆಯ್ಕೆಯಲ್ಲಿ ನಾನು ಬಹಳ ಹೊತ್ತು ಕಳೆಯುತ್ತೇನೆ. ಕೊಂಬೆಯ ದಪ್ಪ ಹಕ್ಕಿಯ ಕಾಲಿಗೆ ಹೊಂದಬೇಕು. ಸೂರಕ್ಕಿಯ ಕೆಳಗೆ ತೊಲೆಯಂತಹ ಕೊಂಬೆ ಹಕ್ಕಿಯನ್ನೇ ನುಂಗಿಬಿಡುತ್ತದೆ. ಕಂಚುಗಾರನಿಗೆ ಗೂಡು ಕೊರೆಯಲು ಒಣಗಿದ ಕೊಂಬೆ ಬೇಕು, ಮೆಲ್ಲಲು ಅತ್ತಿಯ ಹಣ್ಣು ಬೇಕು. ಕಳ್ಳಿಪೀರಕ್ಕೆ ಸುತ್ತಲೂ ಬಯಲು ಕಾಣುವ ಎಲೆಯಿಲ್ಲದ ಕಡ್ಡಿಯೇ ಸಿಂಹಾಸನ. ಸಿಂಪಿಗನಿಗಾದರೋ ಎಲೆಗಳ ಮರೆಯೇ ಜೀವನ, ಅದನ್ನು ಬೋಳು ಕಡ್ಡಿಯ ಮೇಲೆ ಕುಳ್ಳಿರಿಸಬಯಸುವುದು ಅದರ ಸ್ವಭಾವಕ್ಕೆ ವಿರುದ್ಧ. ಬದನಿಕೆ ಹಕ್ಕಿಯ ಚಿತ್ರದಲ್ಲಿ ಬದನಿಕೆಯ ಹಣ್ಣಿದ್ದರೆ ಒಂದು ಕಥೆಯೇ ಅಲ್ಲಿ ಸೇರಿಕೊಳ್ಳುತ್ತದೆ, ಏಕೆಂದರೆ ಹಣ್ಣನ್ನು ತಿಂದ ಆ ಪುಟ್ಟ ಹಕ್ಕಿ ಅಂಟಂಟಾದ ಬೀಜವನ್ನು ಕೊಂಬೆಗೆ ಉಜ್ಜಿಬಿಡುವುದರಿಂದಲೇ ಬದನಿಕೆ ಮರದಿಂದ ಮರಕ್ಕೆ ಹಬ್ಬುವುದು. ಸೂರಕ್ಕಿಗೆ ಕೇಪಳ, ದಾಸವಾಳ, ಬಾಳೆಯ ಮೂತಿ. ಪಿಕಳಾರಕ್ಕೆ ಗಸಗಸೆ ಹಣ್ಣಿನ ಮರ. ಕೆಮ್ಮೀಸೆ ಪಿಕಳಾರದ ಕೆನ್ನೆಯ ಕೆಂಪಿಗೆ ಗಸಗಸೆಯ ಮಾಗಿದ ಹಣ್ಣಿನ ಕೆಂಪು ಪ್ರತಿಧ್ವನಿಯಾಗಿ ನಿಂತುದನ್ನು ಒಮ್ಮೆ ಕಂಡವರು ಮತ್ತೆ ಹಸುರು ಗೋಡೆಗೆ ಮರಳಲಾರರು. ಹೀಗೆ ಗಿಡವನ್ನೂ ಹಕ್ಕಿಯನ್ನೂ ಒಟ್ಟಾಗಿ ತೋರಿಸುವಾಗ ಮುಂದಣ ಒಂದೆರಡು ಎಲೆ ಹೂಗಳು ಹಕ್ಕಿಯಷ್ಟೇ ದೂರದಲ್ಲಿದ್ದು ಸ್ಪಷ್ಟವಾಗಿರಲಿ; ಉಳಿದುದೆಲ್ಲ ದೂರಕ್ಕೆ ಸರಿದು ಕರಗಲಿ. ಸ್ಪಷ್ಟತೆಗೂ ಮಸುಕಿಗೂ ನಡುವೆ ಈ ನಿಚ್ಚಳವಾದ ಅಂತರವಿದ್ದರೆ ಸನ್ನಿವೇಶವೂ ಉಳಿಯುತ್ತದೆ, ಗೊಂದಲವೂ ಇರುವುದಿಲ್ಲ.

ಕೊಂಬೆಯನ್ನು ತಂದು ನೆಡುವುದಾದರೆ ಬಿದ್ದ ಕೊಂಬೆಗಳಲ್ಲಿಯೇ ಆಯಬೇಕು. ಆಷಾಢ ಶ್ರಾವಣಗಳ ಗಾಳಿಮಳೆಗೆ ಸೊಪ್ಪಿನ ಬೆಟ್ಟದಲ್ಲಿ ಮುರಿದುಬಿದ್ದ, ಹಾವಸೆಯೂ ಕಲ್ಲುಹೂವೂ ಕಟ್ಟಿದ ಕೊಂಬೆಗಳು ಬೇಕಾದಷ್ಟು ದೊರೆಯುತ್ತವೆ. ಮಳೆಗಾಲ ಮುಗಿದ ಮೇಲೆ ದಿನಕ್ಕೊಮ್ಮೆ ನೀರು ಚಿಮುಕಿಸುತ್ತಿದ್ದರೆ ಆ ಹಸುರು ಕೆಲವು ದಿನ ಬಾಡದೆ ನಿಲ್ಲುತ್ತದೆ. ಸೀತಾಳೆಯ ಬೇರು ಹಿಡಿದ ಜೀವಂತ ಕೊಂಬೆಯನ್ನು ಚಿತ್ರದ ಆಸೆಗೆ ಕಡಿದು ತರುವುದನ್ನು ನಾನು ಕಂಡಿದ್ದೇನೆ, ಅದು ಅಕ್ಷಮ್ಯ. ಇನ್ನು ಹಿನ್ನೆಲೆಯ ಬಣ್ಣಗಳ ಮಾತು: ಮಾವಿನ ಚಿಗುರಿನ ತಾಮ್ರದ ಬಣ್ಣ, ಹೊಂಗಾರದ ಕೆಂಪು, ಹುತ್ತರಿಯ ಹೊತ್ತಿಗೆ ಪೈರಿನ ಹೊಂಬಣ್ಣ, ಇವುಗಳಿಗೆಲ್ಲ ಅವವುಗಳ ಕಾಲವುಂಟು. ಒಂದೇ ಸ್ಥಳದಲ್ಲಿ ಒಂದೇ ಹಕ್ಕಿಯನ್ನು ಹನ್ನೆರಡು ತಿಂಗಳು ನೋಡಿದವನಿಗೆ ಹನ್ನೆರಡು ಹಿನ್ನೆಲೆಗಳು ತಾವಾಗಿಯೇ ಒದಗಿಬರುತ್ತವೆ.

ಹಕ್ಕಿಯನ್ನು ನಾವು ಬಯಸಿದಲ್ಲಿಗೆ ಕರೆತರಲು ಕಾಳಿಗಿಂತ ನೀರು ಮೇಲು. ಕಾಳನ್ನು ಒಲ್ಲದ ಹಕ್ಕಿಗಳೂ ಬೇಸಗೆಯಲ್ಲಿ ನೀರಿಗೆ ಇಳಿಯುತ್ತವೆ. ಎರಡು ಅಂಗುಲಕ್ಕಿಂತ ಆಳವಿಲ್ಲದ ಅಗಲವಾದ ಮಣ್ಣಿನ ಪಾತ್ರೆಯೊಳಗೆ ಒಂದೆರಡು ಒರಟು ಕಲ್ಲುಗಳನ್ನಿಟ್ಟು, ಶಿವಲಿಂಗದ ಮೇಲಣ ಧಾರಾಪಾತ್ರೆಯಂತೆ ತಳದಲ್ಲಿ ಸಣ್ಣ ರಂಧ್ರ ಮಾಡಿ ಬತ್ತಿ ತುರುಕಿದ ಗಡಿಗೆಯೊಂದನ್ನು ಮೇಲೆ ತೂಗುಬಿಟ್ಟರೆ, ಹನಿ ಬೀಳುವ ಸದ್ದಿಗೆ ಹಕ್ಕಿಗಳು ಬರತೊಡಗುತ್ತವೆ. ನೀರನ್ನು ದಿನವೂ ಬದಲಿಸಬೇಕು, ಪಾತ್ರೆಯನ್ನು ಉಜ್ಜಿ ತೊಳೆಯಬೇಕು. ಇಲ್ಲವಾದರೆ ಒಂದು ಹಕ್ಕಿಯ ರೋಗ ಹತ್ತಕ್ಕೆ ಹರಡುವುದು, ಸೊಳ್ಳೆಗಳೂ ಹುಟ್ಟುವುವು. ಬೆಕ್ಕು ಅವಿತು ಕುಳಿತುಕೊಳ್ಳುವ ಪೊದೆ ಪಾತ್ರೆಗೆ ತೀರ ಹತ್ತಿರವಿರಬಾರದು. ಹಕ್ಕಿಯಾದರೋ ನೇರವಾಗಿ ನೀರಿಗೆ ಇಳಿಯುವುದಿಲ್ಲ. ಹತ್ತಿರದ ಎತ್ತರದ ಕಡ್ಡಿಯೊಂದರ ಮೇಲೆ ಕುಳಿತು, ನಾಲ್ಕು ದಿಕ್ಕನ್ನೂ ನೋಡಿ, ಬಳಿಕ ಇಳಿಯುತ್ತದೆ. ಆ ಕಡ್ಡಿ ಯಾವುದಿರಬೇಕು, ಅದರ ಹಿಂದೆ ಯಾವ ಹಸುರಿರಬೇಕು ಎಂಬುದನ್ನು ನಿರ್ಣಯಿಸುವ ಅಧಿಕಾರ ನಮ್ಮ ಕೈಯಲ್ಲಿದೆ. ಪಾತ್ರೆ ಚಿತ್ರದೊಳಗೆ ಬಾರದಂತೆ ಎರಡಡಿ ಪಕ್ಕದಲ್ಲಿ ಕಡ್ಡಿಯನ್ನು ನೆಟ್ಟು, ಅಡುಗೆಮನೆಯ ಕಿಟಕಿಗೆ ಪರದೆ ಕಟ್ಟಿ, ಒಳಗಣ ದೀಪ ಆರಿಸಿ ಕುಳಿತರೆ ಅದಕ್ಕಿಂತ ಒಳ್ಳೆಯ ಮರೆ ಬೇಕಿಲ್ಲ.

ಗೂಡಿನ ವಿಚಾರವನ್ನು ಮಾತ್ರ ಕಟ್ಟುನಿಟ್ಟಾಗಿ ಹೇಳಬೇಕಾಗಿದೆ. ಗೂಡನ್ನು ಮರೆಸಿರುವ ಎಲೆಗಳು ಕ್ಯಾಮೆರಾಕ್ಕೆ ಅಡ್ಡಿಯೆಂದು ಕಂಡಾಗ ಅವನ್ನು ಕತ್ತರಿಸುವ, ಇಲ್ಲವೆ ದಾರದಿಂದ ಬಿಗಿದು ಪಕ್ಕಕ್ಕೆಳೆಯುವ ಕೆಟ್ಟ ಪದ್ಧತಿಯೊಂದಿದೆ. ಆ ಎಲೆಯೇ ಮರಿಗಳಿಗೆ ಬಿಸಿಲಿನ ಕೊಡೆ. ಕಾಗೆಯಿಂದಲೂ ಕೆಂಬೂತದಿಂದಲೂ ಅವನ್ನು ಮರೆಸುವ ತೆರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆಯೆಂಬ ಪದದ ಅರ್ಥವಿವರಣೆಯೊಳಗೆ ಹಕ್ಕಿಗಳ ಮೊಟ್ಟೆಗೂಡುಗಳನ್ನು ಕದಡುವುದನ್ನೂ ಸೇರಿಸಿದ್ದಾರೆ. ಗೂಡು ಕಂಡರೆ ದೂರ ಸರಿದು, ಮರಿಗಳು ಹಾರಿಹೋಗುವವರೆಗೆ ಹಿತ್ತಲಿನ ಆ ಮೂಲೆಯನ್ನು ಹಕ್ಕಿಗೇ ಬಿಟ್ಟುಕೊಡಬೇಕು. ಹಕ್ಕಿಯ ಕೂಗಿನ ಧ್ವನಿಮುದ್ರಿಕೆಯನ್ನು ಹಾಕಿ ಕರೆಯುವುದೂ, ಹಿಂದೆ ಬಣ್ಣದ ಬಟ್ಟೆ ಕಟ್ಟುವುದೂ, ಕಂಪ್ಯೂಟರಿನಲ್ಲಿ ಒಂದು ಹಕ್ಕಿಯ ಹಿಂದೆ ಇನ್ನೊಂದು ಕಾಡನ್ನು ತಂದು ಅಂಟಿಸುವುದೂ ನನಗೆ ಸಮ್ಮತವಲ್ಲ. ಹಿತ್ತಲಿನ ಚಿತ್ರಕ್ಕೆ ಬೆಲೆ ಬರುವುದು ಅದು ಹಿತ್ತಲಿನದೇ ಆಗಿರುವುದರಿಂದ.

ಮೂಡಿಗೆರೆಯ ತಮ್ಮ ತೋಟದಲ್ಲಿದ್ದುಕೊಂಡೇ ಹಕ್ಕಿಗಳನ್ನು ಕಂಡು, ಚಿತ್ರ ತೆಗೆದು, ಬರೆದ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಪುಸ್ತಕ ಈ ಹವ್ಯಾಸಕ್ಕೆ ಹೊಸಬರಾದವರ ಬಳಿ ಇರಲೇಬೇಕು. ಹಕ್ಕಿಯ ಹೆಸರನ್ನೂ ನಡವಳಿಕೆಯನ್ನೂ ಅರಿಯದೆ ಅದಕ್ಕೆ ತಕ್ಕ ಸನ್ನಿವೇಶವನ್ನು ಊಹಿಸುವುದಾಗದು. ಇನ್ನು ಓದುಗರಲ್ಲಿ ನನ್ನದೊಂದು ಬಿನ್ನಹ. ಮುಂದಿನ ಮುಂಗಾರಿಗೆ ಒಂದು ಕೇಪಳದ ಗಿಡವನ್ನೋ ಗಸಗಸೆಯ ಸಸಿಯನ್ನೋ ತಂದಾಗ ಅದನ್ನು ಬೇಲಿಯ ಬುಡದಲ್ಲಿ ನೆಡಬೇಡಿ. ಬೇಲಿಯಿಂದ ಮೂರು ಮಾರು ಈಚೆಗೆ, ಬೆಳಗಿನ ಬಿಸಿಲು ತಾಕುವಲ್ಲಿ, ನಿಮ್ಮ ಮನೆಯ ಯಾವುದಾದರೊಂದು ಕಿಟಕಿಗೆ ಎದುರಾಗಿ ನೆಡಿ.